ಕೊಟ್ಟಿಗೆಯ ಮಾತು: ಅಕ್ಕರೆಯಿಂದ ಬಂದ ಗೊರಸುಬೇನೆ

ಕಳೆದ ಸಂಚಿಕೆಯಲ್ಲಿ ಹಸುವಿನ ಕೆಚ್ಚಲುಬಾವಿನ ವಿಷಯವಾಗಿ ನಾವು ಬರೆದುದನ್ನು ಓದಿ ವಾಚಕರೊಬ್ಬರು ಒಂದು ಪ್ರಶ್ನೆಯನ್ನು ಕಳುಹಿಸಿರುವರು. ಮಕ್ಕಳ ಸವಾರಿಗೆಂದು ಅವರು ಒಂದು ತಟ್ಟುಕುದುರೆಯನ್ನು ಸಾಕಿರುವರಂತೆ. ಹದಿನೈದು ದಿನಗಳಿಂದ ಅದು ಹೆಜ್ಜೆಯಿಡಲು ಹಿಂದೆಗೆಯುತ್ತಿದೆ. ಕಾಲಿನಲ್ಲಿ ಗಾಯವಿಲ್ಲ, ಮುಳ್ಳಿಲ್ಲ, ಬಾವಿಲ್ಲ; ಮೇವನ್ನು ಮಾತ್ರ ಆಸೆಯಿಂದಲೇ ತಿನ್ನುತ್ತದೆ. "ಇದು ಸೋಮಾರಿತನವೋ, ರೋಗವೋ ತಿಳಿಯದಾಗಿದೆ" ಎಂದು ಅವರು ಬರೆದಿದ್ದಾರೆ.

ಸೋಮಾರಿತನವಲ್ಲ, ರೋಗವೇ ಇರಬೇಕು. ಈ ಪುಟವು ಕೈಸೇರುವವರೆಗೆ ಕಾಯಬಾರದೆಂದು ಅವರಿಗೆ ಆಗಲೇ ಬೇರೆ ಕಾಗದ ಬರೆದು, ಪಶುವೈದ್ಯರನ್ನು ಕರೆಸುವಂತೆ ತಿಳಿಸಿದ್ದೇವೆ. ಆದರೂ ಈ ತಿಂಗಳ ಪುಟವನ್ನು ಇದೇ ವಿಷಯಕ್ಕೆ ಮೀಸಲಿಡುವುದಕ್ಕೆ ಕಾರಣವುಂಟು. ಹೋದ ವರ್ಷ ಕಾಮಗೆರೆಯ ನಮ್ಮ ಮನೆಯಲ್ಲಿಯೇ ಈ ಬೇನೆಯು ಕಾಣಿಸಿಕೊಂಡಿತು. ಅದನ್ನು ತಂದವರು ನಾವೇ. ಅದೂ ದ್ವೇಷದಿಂದಲ್ಲ, ಅಲಕ್ಷ್ಯದಿಂದಲೂ ಅಲ್ಲ, ಕೇವಲ ಅಕ್ಕರೆಯಿಂದ. ನಮ್ಮ ತಪ್ಪನ್ನು ಇದ್ದದ್ದು ಇದ್ದಂತೆ ಹೇಳಿದರೆ ಇನ್ನೊಂದು ಮನೆಯ ಪ್ರಾಣಿಯಾದರೂ ಉಳಿದೀತೆಂಬ ಆಸೆಯಿಂದ ಬರೆಯುತ್ತಿದ್ದೇವೆ.

ಮೈಸೂರಿನಲ್ಲಿ ಅರಮನೆಯ ಸುತ್ತಮುತ್ತ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಟಾಂಗಾಗಳು ಇಂದಿಗೂ ಕೆಲವು ಉಳಿದಿವೆ. ಅಂಥ ಒಂದು ಗಾಡಿಯ ಯಜಮಾನನು ಮುಪ್ಪಿನ ದೆಸೆಯಿಂದ ಕಸುಬನ್ನು ಬಿಟ್ಟಾಗ ಅವನ ಕುದುರೆಯನ್ನು ನಾವು ಕೊಂಡು ತಂದೆವು. ಕೆಂಪು ಮೈಬಣ್ಣದ, ಗಿಡ್ಡ ಕಾಲಿನ, ಹನ್ನೆರಡು ವರ್ಷದ ತಟ್ಟು. ಮೊಮ್ಮಗನು ಅದಕ್ಕೆ ಕೆಂಚನೆಂದು ಹೆಸರಿಟ್ಟನು. ಟಾಂಗಾದವನು ಬೀಳ್ಕೊಡುವಾಗ, "ದಿನಕ್ಕೆ ಎರಡು ಸೇರು ಹುರುಳಿ ಬೇಯಿಸಿ ಹಾಕಿ ಸ್ವಾಮಿ, ಅದಕ್ಕೆ ಅಭ್ಯಾಸ" ಎಂದು ಹೇಳಿದನು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವನ ಬಳಿಯಲ್ಲಿ ಅದು ಬೆಳಗಿನಿಂದ ಸಂಜೆಯವರೆಗೆ ಗಾಡಿಯೆಳೆಯುತ್ತಿತ್ತು. ನಮ್ಮಲ್ಲಿ ಭಾನುವಾರ ಹುಡುಗನೊಬ್ಬನನ್ನು ಹೊತ್ತು ಊರ ಕೆರೆಯವರೆಗೆ ಹೋಗಿಬರುವುದರ ಹೊರತು ಅದಕ್ಕೆ ಬೇರೆ ಕೆಲಸವಿರಲಿಲ್ಲ. ದುಡಿಮೆಯು ನಿಂತಿತು, ಗ್ರಾಸವು ನಿಲ್ಲಲಿಲ್ಲ.

ಅದರ ಮೇಲೆ ನಮ್ಮ ತಾಯಿಯವರ ಪ್ರೀತಿ. ಎಂಬತ್ತು ದಾಟಿದ ಅವರು ಊಟಕ್ಕೆ ಮುಂಚೆ ಹಸುವಿಗೆ ಒಂದು ತುತ್ತನ್ನು ತೆಗೆದಿಡುವ ಪದ್ಧತಿಯುಳ್ಳವರು. ಹಸುವನ್ನು ಮಾರಿದ ಬಳಿಕ ಆ ತುತ್ತು ಕೆಂಚನ ಪಾಲಾಯಿತು. ಮೊದಲು ಒಂದು ತುತ್ತು ಅನ್ನ. ಆಮೇಲೆ ಅರ್ಧ ಮುದ್ದೆ. ಸಂಜೆಗೊಂದು ಅಚ್ಚು ಬೆಲ್ಲ. ಆರು ತಿಂಗಳಲ್ಲಿ ಕೆಂಚನ ಮೈ ಮಿರುಗಿತು. ಕತ್ತಿನ ಮೇಲುಗಡೆ ದಿಂಬಿನಂತೆ ಗಟ್ಟಿಯಾದ ಕೊಬ್ಬು ಏರಿತು. ಪಕ್ಕೆಲುಬುಗಳು ಕೈಗೆ ಸಿಗದಾದವು. ಬಂದವರೆಲ್ಲ "ಕುದುರೆ ಎಂದರೆ ಹೀಗಿರಬೇಕು" ಎಂದು ಹೊಗಳಿದರು. ನಾವೂ ಹಿಗ್ಗಿದೆವು. ಆ ದಿಂಬೇ ಬರಲಿದ್ದ ಬೇನೆಯ ಮುನ್ನೋಲೆಯೆಂದು ನಮ್ಮಲ್ಲಿ ಒಬ್ಬರಿಗೂ ತಿಳಿಯದು.

ಕಾಮಗೆರೆಯು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿದೆ. ಮಲೆ ಮಾದೇಶ್ವರನ ಬೆಟ್ಟಕ್ಕೆ ಹೋಗುವ ಪಾದಯಾತ್ರಿಕರಿಗೂ ಇದೇ ದಾರಿ. ಶಿವರಾತ್ರಿ ಸಮೀಪಿಸಿತೆಂದರೆ ಹಗಲಿರುಳೂ ಜನ. ಹಗಲಿರುಳೂ "ಉಘೇ ಮಾದಪ್ಪ" ಎಂಬ ಕೂಗು. ನಮ್ಮ ಮನೆಯ ಜಗಲಿಯಲ್ಲಿ ದಣಿವಾರಿಸಿಕೊಳ್ಳುವವರು ಅನೇಕರು. ಹೋದ ವರ್ಷ ಅವರೆಲ್ಲರ ಕಣ್ಣೂ ಬಾಗಿಲಲ್ಲಿ ಕಟ್ಟಿದ್ದ ಕೆಂಚನ ಮೇಲೆ ಬಿದ್ದಿತು. ಒಬ್ಬರು ಬಾಳೆಹಣ್ಣು ಕೊಟ್ಟರು, ಇನ್ನೊಬ್ಬರು ಬೆಲ್ಲ, ಮತ್ತೊಬ್ಬರು ಬುತ್ತಿಯಲ್ಲಿ ಉಳಿದ ಅನ್ನ. ಮಕ್ಕಳು ಸಿಪ್ಪೆಸಹಿತ ಹಣ್ಣನ್ನು ತಿನ್ನಿಸಿ ನಕ್ಕರು. ಮೂರು ದಿನ ಹೀಗೆಯೇ ನಡೆಯಿತು. ಇಷ್ಟು ಬೇಡವೆಂದು ನಾವು ಒಂದು ಸಲ ಹೇಳಿದಾಗ ತಾಯಿಯವರು, "ಮಾದಪ್ಪನ ಗಿರಿಗೆ ಹೋಗೋರು ಕೊಟ್ಟದ್ದ ಬ್ಯಾಡ ಅನ್ನಬಾರದು ಕನಪ್ಪ" ಎಂದರು. ನಾವು ಸುಮ್ಮನಾದೆವು.

ಹಬ್ಬ ಕಳೆದ ಮರುದಿನ ಬೆಳಗ್ಗೆ ಕೆಂಚನು ಗೋದಲಿಯಿಂದ ತಿರುಗಲಿಲ್ಲ. ಮುಂಗಾಲುಗಳೆರಡನ್ನೂ ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲುಗಳ ಮೇಲೆ ಹಾಕಿ, ಹಿಂದಕ್ಕೆ ಒರಗಿದಂತೆ ನಿಂತಿತ್ತು. ಹಗ್ಗ ಹಿಡಿದು ಪಕ್ಕಕ್ಕೆ ತಿರುಗಿಸಿದರೆ ಕೆಂಡದ ಮೇಲೆ ಕಾಲಿಡುವಂತೆ ಹೆಜ್ಜೆಯಿಟ್ಟಿತು. ನಿಂತಲ್ಲಿಯೇ ಒಮ್ಮೆ ಈ ಕಾಲನ್ನೂ ಒಮ್ಮೆ ಆ ಕಾಲನ್ನೂ ಎತ್ತಿ ಭಾರ ಬದಲಿಸುತ್ತಿತ್ತು. ಗೊರಸಿಗೆ ಕೈಯಿಟ್ಟರೆ ಬಿಸಿ.

ನೆರೆಯವರು ಬಂದು, "ಕಾಲು ಜಡ್ಡುಗಟ್ಟದೆ. ನಾಕು ಸುತ್ತು ನಡೆಸಿ, ಸಡಿಲಾಯ್ತದೆ" ಎಂದರು. ನಾವು ನಂಬಿ ಬಾವಿಯ ಸುತ್ತ ನಾಲ್ಕಲ್ಲ, ಹತ್ತು ಸುತ್ತು ನಡೆಸಿದೆವು. ಇಡೀ ಪ್ರಕರಣದಲ್ಲಿ ಇದಕ್ಕಿಂತ ದೊಡ್ಡ ತಪ್ಪನ್ನು ನಾವು ಮಾಡಲಿಲ್ಲ. ಇದು ಏಕೆ ತಪ್ಪೆಂಬುದನ್ನು ತಿಳಿಯಬೇಕಾದರೆ ಗೊರಸಿನ ಒಳಗಣ ಕಟ್ಟಡವನ್ನು ವಾಚಕರು ಸ್ವಲ್ಪ ತಿಳಿಯಬೇಕು.

ಕುದುರೆಯ ಗೊರಸು ನಮ್ಮ ಉಗುರಿನ ಜಾತಿಯದೇ. ಅದರೊಳಗೆ ಗೊರಸಿನ ಆಕಾರದ್ದೇ ಆದ ಒಂದು ಎಲುಬು ಇರುತ್ತದೆ. ಈ ಎಲುಬು ಗೊರಸಿನ ಅಡಿಯ ಮೇಲೆ ಕುಳಿತಿರುತ್ತದೆಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಗೊರಸಿನ ಒಳಗೋಡೆಗೆ ತೂಗುಬಿದ್ದಿರುತ್ತದೆ. ಒಳಗೋಡೆಯಲ್ಲಿ ಸುಮಾರು 550ರಿಂದ 600 ತೆಳುವಾದ ಪದರಗಳಿದ್ದು, ಎಲುಬಿನ ಹೊದಿಕೆಯಿಂದ ಹೊರಟ ಅಷ್ಟೇ ಪದರಗಳೊಡನೆ ಅವು ಹೆಣೆದುಕೊಂಡಿರುತ್ತವೆ. ಎರಡು ಪುಸ್ತಕಗಳ ಹಾಳೆಗಳನ್ನು ಒಂದರ ನಡುವೆ ಒಂದರಂತೆ ಸೇರಿಸಿ ಎಳೆದರೆ ಹೇಗೆ ಬಿಗಿಯಾಗಿರುವುದೋ ಹಾಗೆ. ಕುದುರೆಯ ಸಮಸ್ತ ಭಾರವನ್ನೂ ಈ ಹೆಣಿಗೆಯೇ ಹೊರುತ್ತದೆ.

ಈ ಪದರಗಳಿಗೆ ಉರಿ ಬಂದು ಹೆಣಿಗೆ ಸಡಿಲವಾಗುವುದೇ ಗೊರಸುಬೇನೆ. ಪಶುವೈದ್ಯರು ಇದಕ್ಕೆ ಲ್ಯಾಮಿನೈಟಿಸ್ ಎನ್ನುವರು. ಹೆಣಿಗೆ ಬಿಟ್ಟಿತೆಂದರೆ ಎಲುಬಿನ ಮುಂತುದಿಯು ಕೆಳಕ್ಕೆ ಬಾಗುತ್ತದೆ, ಇಲ್ಲವೆ ಎಲುಬೇ ಕುಸಿಯುತ್ತದೆ. ಬಹಳ ಕೆಟ್ಟಾಗ ಗೊರಸಿನ ಅಡಿಯನ್ನು ಒಡೆದು ಹೊರಗೆ ಕಾಣಿಸುವುದೂ ಉಂಟು. ಹೀಗೆ ಸಡಿಲವಾಗುತ್ತಿರುವ ಹೆಣಿಗೆಯ ಮೇಲೆ ಕುದುರೆಯನ್ನು ನಡೆಸುವುದೆಂದರೆ, ಬಿರಿಯುತ್ತಿರುವ ಹೊಲಿಗೆಯನ್ನು ಕೈಯಿಂದ ಜಗ್ಗಿದಂತೆ. ನಮ್ಮ ಹತ್ತು ಸುತ್ತುಗಳು ಮಾಡಿದ್ದು ಇದನ್ನೇ.

ಹೊಟ್ಟೆಗೆ ತಿಂದದ್ದು ಕಾಲಿಗೆ ಏಕೆ ಬಂದಿತು? "ಹುರುಳಿ ಉಷ್ಣ, ಅದು ಕಾಲಿಗಿಳಿಯಿತು" ಎಂದು ನಮ್ಮ ಹಿರಿಯರು ಹೇಳುವರು. ಹೇಳಿಕೆ ಪೂರ್ತಿ ಸುಳ್ಳಲ್ಲ. ಕಾರಣ ಮಾತ್ರ ಬೇರೆ. ಹುರುಳಿ, ಮುಸುಕಿನ ಜೋಳ, ಅಕ್ಕಿ, ರಾಗಿ ಇವುಗಳಲ್ಲಿ ಪಿಷ್ಟವು ಅಧಿಕ. ಕುದುರೆಯ ಸಣ್ಣಕರುಳು ಪಿಷ್ಟವನ್ನು ಒಂದು ಮಿತಿಯವರೆಗೆ ಮಾತ್ರ ಜೀರ್ಣಿಸಬಲ್ಲುದು. ಹೆಚ್ಚಾದದ್ದು ದೊಡ್ಡಕರುಳಿಗೆ ಇಳಿದು ಅಲ್ಲಿ ಹುಳಿಯುತ್ತದೆ. ಹುಲ್ಲನ್ನು ಜೀರ್ಣಿಸುವ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷವು ರಕ್ತಕ್ಕೆ ಸೇರುತ್ತದೆ. ಇದು ಒಂದು ದಾರಿ. ಕುದುರೆಯು ಹಗ್ಗ ಹರಿದುಕೊಂಡು ಕಣದ ರಾಶಿಗೆ ಬಾಯಿಹಾಕಿದಾಗ ಹೀಗಾಗುವುದು.

ಇನ್ನೊಂದು ದಾರಿಯು ನಿಧಾನದ್ದು. ತಟ್ಟುಗಳಿಗೆ ಅದೇ ಹೆಚ್ಚು. ದುಡಿಮೆಯಿಲ್ಲದೆ ಕೊಬ್ಬಿದ ತಟ್ಟುವಿನ ರಕ್ತದಲ್ಲಿ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ರಸವು ಮಿತಿಮೀರಿ ಏರುತ್ತದೆ. 2007ರಲ್ಲಿ ಆಸ್ಟ್ರೇಲಿಯದ ವಿದ್ವಾಂಸರು ಆರೋಗ್ಯವಾಗಿದ್ದ ತಟ್ಟುಗಳ ರಕ್ತದಲ್ಲಿ ಈ ರಸವನ್ನು ಬಹಳ ಹೊತ್ತು ಏರಿಸಿಟ್ಟು ನೋಡಿದಾಗ, ಬೇರಾವ ಕಾರಣವೂ ಇಲ್ಲದೆ ಅವುಗಳಿಗೆ ಗೊರಸುಬೇನೆ ಬಂದಿತು. ಆದುದರಿಂದ ಬೆಲ್ಲ, ಬಾಳೆಹಣ್ಣು, ಅನ್ನ ಇವು ಕೆಂಚನಂಥ ಪ್ರಾಣಿಗೆ ಸಿಹಿಯಾದ ಮಾತ್ರಕ್ಕೆ ಹಿತವಲ್ಲ. ಆರು ತಿಂಗಳ ಹುರುಳಿಯು ಸೌದೆಯನ್ನು ಒಟ್ಟಿತು. ಶಿವರಾತ್ರಿಯ ಮೂರು ದಿನಗಳು ಅದಕ್ಕೆ ಕಿಡಿಯಿಟ್ಟವು.

ಇದು ಹೊಸ ರೋಗವೇನೂ ಅಲ್ಲ. 2300 ವರ್ಷಗಳಿಗೂ ಹಿಂದೆ ಗ್ರೀಸಿನ ಕ್ಸೆನೊಫೋನನು ಕುದುರೆಯನ್ನು ಕುರಿತು ಬರೆದ ಗ್ರಂಥದಲ್ಲಿ ಬಾರ್ಲಿಯ ಹೆಸರನ್ನೇ ಹೊತ್ತ ಒಂದು ಬೇನೆಯನ್ನು ಹೇಳಿದ್ದಾನೆ. ಕಾಳು ಮಿತಿಮೀರಿದರೆ ಕುದುರೆ ಕೆಡುವುದೆಂಬುದನ್ನು ಆ ಹೆಸರೇ ಸಾರುತ್ತದೆ. ನಮ್ಮಲ್ಲಿಯೂ ಪ್ರಾಣಿವೈದ್ಯವನ್ನು ಕನ್ನಡದಲ್ಲಿ ಬರೆದವರು ಹಿಂದಿನಿಂದಲೂ ಉಂಟು. 12ನೆಯ ಶತಮಾನದಲ್ಲಿ ಕೀರ್ತಿವರ್ಮನು ಗೋವೈದ್ಯವನ್ನೂ, ಸುಮಾರು 1400ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನೂ ರಚಿಸಿದರು. ಕೊಟ್ಟಿಗೆಯ ವಿದ್ಯೆಯನ್ನು ಕಲಿಯುವುದು ಗೃಹಸ್ಥನಿಗೆ ಕುಂದೆಂದು ನಮ್ಮ ಪೂರ್ವಿಕರು ಎಣಿಸಲಿಲ್ಲ.

ಹಣವಿದ್ದರೆ ಈ ಬೇನೆಯನ್ನು ಗೆಲ್ಲಬಹುದೆಂದು ಎಣಿಸಬೇಡಿ. 1973ರಲ್ಲಿ ಅಮೆರಿಕದ ಮೂರು ಹಿರಿಯ ಪಂದ್ಯಗಳನ್ನೂ ಗೆದ್ದ ಸೆಕ್ರೆಟೇರಿಯಟ್ ಎಂಬ ಕುದುರೆಗೆ ಇದೇ ಬೇನೆ ಬಂದು, 1989ರಲ್ಲಿ ಅದಕ್ಕೆ ದಯಾಮರಣವನ್ನು ಕೊಡಬೇಕಾಯಿತು. 2006ರ ಕೆಂಟಕಿ ಡರ್ಬಿಯನ್ನು ಗೆದ್ದ ಬಾರ್ಬರೋ ಎಂಬ ಕುದುರೆಯ ಒಂದು ಹಿಂಗಾಲು ಮುರಿಯಿತು. ಭಾರವೆಲ್ಲ ಇನ್ನೊಂದು ಹಿಂಗಾಲಿನ ಮೇಲೆ ಬಿದ್ದು ಅಲ್ಲಿ ಗೊರಸುಬೇನೆ ಹುಟ್ಟಿತು. ಕಡೆಗೆ 2007ರ ಜನವರಿಯಲ್ಲಿ ಅದೂ ಉಳಿಯಲಿಲ್ಲ. ಆಹಾರವಲ್ಲದೆ ಒಂದೇ ಕಾಲಿನ ಮೇಲೆ ಬೀಳುವ ಭಾರದಿಂದಲೂ, ಹೆತ್ತ ಬಳಿಕ ಮಾಸು ಬೀಳದೆ ಏರುವ ನಂಜಿನಿಂದಲೂ ಈ ಬೇನೆ ಬರಬಹುದೆಂಬುದನ್ನು ವಾಚಕರು ನೆನಪಿಡಬೇಕು.

ಇನ್ನು ನಮ್ಮ ಮನೆಗೆ ಹಿಂದಿರುಗೋಣ. ಮಧ್ಯಾಹ್ನದ ಹೊತ್ತಿಗೆ ಪಶುವೈದ್ಯರು ಬಂದರು. ಮುಂಗಾಲಿನ ಗೆಣ್ಣಿನ ಹಿಂಬದಿಯಲ್ಲಿ, ಎರಡು ಪಕ್ಕಗಳಲ್ಲಿ ಬೆರಳಿಟ್ಟು ನಾಡಿ ನೋಡಿದರು. ಆಮೇಲೆ ನಮ್ಮ ಬೆರಳನ್ನೂ ಅಲ್ಲಿಯೇ ಇರಿಸಿದರು. ಆರೋಗ್ಯವಾದ ಕುದುರೆಯಲ್ಲಿ ಈ ನಾಡಿಯು ಹುಡುಕಿದರೂ ಸರಿಯಾಗಿ ಸಿಗದು. ಅಂದು ಅದು ಬೆರಳನ್ನು ತಳ್ಳುವಂತೆ ಬಡಿಯುತ್ತಿತ್ತು. "ಇದನ್ನು ದಿನಾ ನೋಡಲು ಕಲಿತುಕೊಳ್ಳಿ, ನಾನು ವಾರಕ್ಕೊಮ್ಮೆ ಬರುವವನು, ನೀವು ದಿನಾ ಇರುವವರು" ಎಂದರು ಅವರು. ನಡೆಸಿದ ಸಂಗತಿಯನ್ನು ಕೇಳಿ ಅವರ ಮುಖ ಬಾಡಿತು, ಆದರೆ ಗದರಿಸಲಿಲ್ಲ.

ಮೊದಲನೆಯ ಕೆಲಸ ತಣ್ಪು. ಬೇನೆಯ ಆರಂಭದಲ್ಲಿಯೇ ಗೊರಸನ್ನೂ ಅದರ ಮೇಲಣ ಗೆಣ್ಣನ್ನೂ ಮಂಜುಗಡ್ಡೆಯ ನೀರಿನಲ್ಲಿ ಬಿಡದೆ ಎರಡು ಮೂರು ದಿನ ಇರಿಸಿದರೆ ಹೆಣಿಗೆ ಬಿಡುವುದು ಬಹುಮಟ್ಟಿಗೆ ತಪ್ಪುತ್ತದೆ. ಗಂಟೆಗೊಮ್ಮೆ ತಣ್ಣೀರೆರಚಿದರೆ ಸಾಲದು, ತಣ್ಪು ನಿಲ್ಲಬಾರದು. ಕೊಳ್ಳೇಗಾಲದಿಂದ ಮೂಟೆಗಟ್ಟಲೆ ಮಂಜುಗಡ್ಡೆಯನ್ನು ಹೊಟ್ಟಿನಲ್ಲಿ ಮುಚ್ಚಿ ತರಿಸಿದೆವು. ಹಳೆಯ ಲಾರಿಯ ಟ್ಯೂಬನ್ನು ಕತ್ತರಿಸಿ ಮುಂಗಾಲುಗಳಿಗೆ ಚೀಲದಂತೆ ಕಟ್ಟಿ, ಅದರೊಳಗೆ ಗಡ್ಡೆಯ ಚೂರನ್ನೂ ನೀರನ್ನೂ ತುಂಬಿದೆವು. ರಾತ್ರಿಯಲ್ಲಿ ನಾವೂ ಮೊಮ್ಮಗನೂ ಸರದಿಯಿಂದ ಎದ್ದು ತುಂಬುತ್ತಿದ್ದೆವು.

ಎರಡನೆಯದು ಮೆತ್ತನೆಯ ನೆಲ. ಕೊಟ್ಟಿಗೆಯ ಕಲ್ಲುಚಪ್ಪಡಿಯ ಮೇಲೆ ಗೇಣುದ್ದ ಮರಳನ್ನು ಹರಡಿದೆವು. ಗೊರಸು ಮರಳಿನಲ್ಲಿ ತನಗೆ ಬೇಕಾದಂತೆ ಊರಿಕೊಂಡಾಗ ಭಾರವು ಗೋಡೆಯೊಂದರ ಮೇಲೆಯೇ ಬೀಳದೆ ಅಡಿಯ ಎಲ್ಲ ಕಡೆಗೂ ಹಂಚಿಹೋಗುತ್ತದೆ. ಪ್ರಾಣಿಯು ಮಲಗಬಯಸಿದರೆ ಮಲಗಲಿ, ಹೊಡೆದು ಎಬ್ಬಿಸಬಾರದು. ಮಲಗಿರುವಷ್ಟು ಹೊತ್ತೂ ಆ ಹೆಣಿಗೆಗೆ ವಿಶ್ರಾಂತಿ.

ಮೂರನೆಯದು ಔಷಧ. ಇದು ವೈದ್ಯರ ಕೆಲಸ. ನೋವಿಗೂ ಉರಿಗೂ ಅವರು ಚುಚ್ಚುಮದ್ದನ್ನು ಕೊಟ್ಟರು. ಮನೆಯ ಅಲಮಾರಿನಲ್ಲಿರುವ ಮನುಷ್ಯರ ಮಾತ್ರೆಯನ್ನು ಪುಡಿಮಾಡಿ ಬೆಲ್ಲದೊಡನೆ ತಿನ್ನಿಸುವವರನ್ನು ನಾವು ಬಲ್ಲೆವು. ಹಾಗೆ ಮಾಡಕೂಡದು. ಡೈಕ್ಲೋಫೆನಾಕ್ ಎಂಬ ನೋವಿನ ಮದ್ದನ್ನು ಪಶುಗಳಿಗೆ ಕೊಡುವುದನ್ನು 2006ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಲಾಯಿತು. ಆ ಮದ್ದು ಸೇರಿದ ಹೆಣಗಳನ್ನು ತಿಂದು ರಣಹದ್ದುಗಳು ಸಾಯುತ್ತಿದ್ದುದೇ ಅದಕ್ಕೆ ಕಾರಣ. ಯಾವ ಪ್ರಾಣಿಗೆ ಯಾವ ಮದ್ದು ಎಷ್ಟು ಎಂಬುದನ್ನು ಬಲ್ಲವರೇ ಹೇಳಬೇಕು. ವೈದ್ಯರು ಹತ್ತಿರವಿಲ್ಲದವರು ಪಶುಸಂಗೋಪನಾ ಇಲಾಖೆಯ 1962 ಎಂಬ ದೂರವಾಣಿ ಸಂಖ್ಯೆಗೆ ಕರೆಮಾಡಿದರೆ ಸಂಚಾರಿ ಚಿಕಿತ್ಸಾ ವಾಹನಕ್ಕಾಗಿ ಕೇಳಿಕೊಳ್ಳಬಹುದು.

ನಾಲ್ಕನೆಯದು ಮೇವು. ಇಲ್ಲಿ ನಾವು ಇನ್ನೊಂದು ತಪ್ಪಿನ ಅಂಚಿಗೆ ಹೋಗಿದ್ದೆವು. ತಿಂದು ಕೆಟ್ಟ ಪ್ರಾಣಿಗೆ ಲಂಘನವೇ ಮದ್ದೆಂದು ಬಗೆದು, ಮೂರು ದಿನ ಏನನ್ನೂ ಹಾಕಬಾರದೆಂದು ನಿಶ್ಚಯಿಸಿದ್ದೆವು. ವೈದ್ಯರು ಕೂಡಲೇ ತಡೆದರು. ಕೊಬ್ಬಿದ ತಟ್ಟುವನ್ನು ಉಪವಾಸ ಕೆಡವಿದರೆ ಮೈಯ ಕೊಬ್ಬೆಲ್ಲ ಕರಗಿ ರಕ್ತಕ್ಕೆ ನುಗ್ಗಿ, ಯಕೃತ್ತು ಕೆಟ್ಟು, ಗೊರಸುಬೇನೆಗಿಂತ ಮುಂಚೆ ಅದರಿಂದಲೇ ಸತ್ತೀತು. ಕಾಳು, ಬೆಲ್ಲ, ಹಣ್ಣು, ಅನ್ನ, ಎಳೆಯ ಹಸಿರುಹುಲ್ಲು ಇವೆಲ್ಲ ಪೂರ್ತಿ ಬಂದ್. ಒಣಹುಲ್ಲು ಮಾತ್ರ ಅಳತೆಯಿಂದ. ಮೈತೂಕದ ನೂರಕ್ಕೆ ಒಂದೂವರೆ ಪಾಲು ಒಣಹುಲ್ಲು ದಿನಕ್ಕೆ ಸಾಕು. ಅದನ್ನೂ ಒಂದು ಗಂಟೆ ನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿದರೆ ಹುಲ್ಲಿನ ಸಕ್ಕರೆಯಲ್ಲಿ ಒಂದು ಪಾಲು ಕಳೆಯುತ್ತದೆ. ನಮ್ಮ ಸೀಮೆಯ ಸೆಕೆಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನೆನೆಸಿದರೆ ಹುಲ್ಲು ಹುಳಿಯುತ್ತದೆ.

ತಕ್ಕಡಿಯಿಲ್ಲದೆ ಕುದುರೆಯ ತೂಕವನ್ನು ತಿಳಿಯುವ ಉಪಾಯವನ್ನೂ ವೈದ್ಯರು ತೋರಿಸಿದರು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರುಗಳಲ್ಲಿ ಅಳೆಯಬೇಕು. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 11,900ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋಗ್ರಾಮುಗಳಲ್ಲಿ ತೂಕ ಬರುತ್ತದೆ. ಕೆಂಚನ ಸುತ್ತಳತೆ 135, ಉದ್ದ 130. ತೂಕ ಸುಮಾರು 199 ಕಿಲೋ. ಅದರಂತೆ ದಿನಕ್ಕೆ 3 ಕಿಲೋ ಒಣಹುಲ್ಲು. ಅದನ್ನು ನಾಲ್ಕು ಪಾಲು ಮಾಡಿ ಹಾಕಿದೆವು. ಲೆಕ್ಕವನ್ನು ಮೊಮ್ಮಗನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದನು.

ಎಲ್ಲಕ್ಕಿಂತ ಕಷ್ಟವಾದದ್ದು ತಾಯಿಯವರಿಗೆ. ಊಟದ ಹೊತ್ತಿಗೆ ಕೆಂಚನು ಅಡಿಗೆಮನೆಯ ಕಿಟಕಿಯ ಕಡೆ ಕಿವಿಯಾಡಿಸಿ ಕೆನೆಯುವುದು. ಅವರು ಕೈಯಲ್ಲಿ ತುತ್ತನ್ನು ಹಿಡಿದು ಕುಳಿತೇ ಇರುವರು. ಒಂದು ದಿನ, "ನಾನೇ ನನ್ನ ಕೈಯಾರ ಇಕ್ಕಿ ಕೆಡಿಸಿದೆ ಕನಪ್ಪ" ಎಂದು ಅತ್ತರು. ನೀವೊಬ್ಬರೇ ಅಲ್ಲವೆಂದು ನಾವೆಷ್ಟು ಹೇಳಿದರೂ ಆ ಮಾತು ಅವರಿಗೆ ಹಿಡಿಸಲಿಲ್ಲ. ಬದಲಿಗೆ ಅವರಿಗೊಂದು ಕೆಲಸವನ್ನು ಒಪ್ಪಿಸಿದೆವು: ಬೆಳಿಗ್ಗೆ ಸಂಜೆ ಗೊರಸನ್ನು ಮುಟ್ಟಿ ಬಿಸಿಯಿದೆಯೇ ಇಲ್ಲವೇ ಎಂದು ಹೇಳುವುದು. ಮಕ್ಕಳ ಹಣೆಯನ್ನು ಮುಟ್ಟಿ ಜ್ವರವನ್ನು ಅಳೆದ ಕೈ ಅದು. ಒಂದು ದಿನವೂ ತಪ್ಪಲಿಲ್ಲ.

ಮೂರನೆಯ ವಾರದಲ್ಲಿ ಮೈಸೂರಿನಿಂದ ಲಾಳ ಹೊಡೆಯುವ ಹಿರಿಯರೊಬ್ಬರನ್ನು ಕರೆತಂದೆವು. ಟಾಂಗಾದ ಕುದುರೆಗಳಿಗೆ ಲಾಳ ಹೊಡೆದೇ ಬಾಳನ್ನು ಕಳೆದವರು. ಅವರು ಹಳೆಯ ಕಬ್ಬಿಣದ ಲಾಳಗಳನ್ನು ಮೆಲ್ಲಗೆ ತೆಗೆದು, ಗೊರಸಿನ ಮುಂತುದಿಯನ್ನು ಅರದಿಂದ ಉಜ್ಜಿ ಗಿಡ್ಡಮಾಡಿ, ದಪ್ಪ ರಬ್ಬರಿನ ಹಾಳೆಯನ್ನು ಗೊರಸಿನ ಅಳತೆಗೆ ಕತ್ತರಿಸಿ ಅಡಿಗೆ ಬಿಗಿದರು. ಮುಂತುದಿಯು ಉದ್ದವಾಗಿದ್ದಷ್ಟೂ ಪ್ರತಿ ಹೆಜ್ಜೆಯಲ್ಲಿಯೂ ಅದು ಸನ್ನೆಗೋಲಿನಂತೆ ಹೆಣಿಗೆಯನ್ನು ಮೀಟುತ್ತದೆ. ಆದುದರಿಂದ ಮೊದಲು ಅದನ್ನು ತಗ್ಗಿಸಬೇಕು. "ಗೊರಸು ಮೇಲಿಂದ ಕೆಳಕ್ಕೆ ಹೊಸದಾಗಿ ಬರೋದಕ್ಕೆ ಒಂದು ವರ್ಷ ಬೇಕು ಸ್ವಾಮಿ. ನಿಮಗೆ ಒಂದು ವರ್ಷ ತಾಳ್ಮೆಯಿದ್ದರೆ ಕುದುರೆ ಉಳೀತದೆ" ಎಂದರು. ಅವರ ಮಾತು ಶಾಸ್ತ್ರಕ್ಕೂ ಒಪ್ಪುತ್ತದೆ. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರು ಮಾತ್ರ ಬೆಳೆಯುತ್ತದೆ.

ಆರನೆಯ ವಾರ ನಮಗೆ ಬಹಳ ಕೆಟ್ಟದಾಗಿ ಕಳೆಯಿತು. ಬಲಗಾಲಿನ ಗೊರಸಿನ ಅಡಿಯಲ್ಲಿ ಬಾಲಚಂದ್ರನ ಆಕಾರದ ಒಂದು ಉಬ್ಬು ಕಂಡಿತು. ಎಲುಬಿನ ತುದಿಯು ಒಳಗಿನಿಂದ ಒತ್ತುತ್ತಿರುವ ಗುರುತು ಅದು. ಎಕ್ಸ್‌ರೇ ತೆಗೆಸಿ ನೋಡಿದಾಗ ಎಲುಬು ಬಾಗಿದ್ದುದು ನಿಜವೆಂದಾಯಿತು. ವೈದ್ಯರು ನಮ್ಮನ್ನು ಜಗಲಿಯಲ್ಲಿ ಕೂರಿಸಿಕೊಂಡು, "ಇನ್ನೊಂದು ವಾರ ನೋಡೋಣ. ಎಲುಬು ಹೊರಗೆ ಬಂದಮೇಲೂ ಇಟ್ಟುಕೊಂಡರೆ, ಅದು ಪ್ರಾಣಿಗಾಗಿ ಅಲ್ಲ, ನಮ್ಮ ಸಮಾಧಾನಕ್ಕಾಗಿ" ಎಂದರು.

ಆ ರಾತ್ರಿ ಮನೆಯವರೆಲ್ಲರೂ ಕುಳಿತು ಮಾತನಾಡಿದೆವು. ದುಃಖದ ಹೊತ್ತಿನಲ್ಲಿ ಬುದ್ಧಿ ನಿಲ್ಲದಾದುದರಿಂದ ಮೂರು ಗುರುತುಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದೆಂದು ನಿಶ್ಚಯಿಸಿದೆವು: ಮದ್ದು ಕೊಟ್ಟಾಗಲೂ ಹಗಲಿನ ಬಹುಭಾಗ ಮಲಗಿಯೇ ಇದ್ದರೆ, ಒಣಹುಲ್ಲಿಗೂ ಬಾಯಿಹಾಕದಿದ್ದರೆ, ಗೊರಸಿನ ಅಡಿ ಒಡೆದರೆ. ಇವುಗಳಲ್ಲಿ ಎರಡು ಕಂಡರೆ ವೈದ್ಯರ ಕೈಯಿಂದ ನೋವಿಲ್ಲದ ಸಾವನ್ನು ಕೊಡಿಸತಕ್ಕದ್ದು. ಗೋಹತ್ಯೆಗೆ ಸಮಾನವಾದ ಪಾಪವೆಂದು ತಾಯಿಯವರು ವಿರೋಧಿಸಿಯಾರೆಂದು ನಾವು ಅಂಜಿದ್ದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಅದು ನರಳ್ತಾ ಇದ್ರೆ ನನ್ನ ಮುಖ ನೋಡಿಕೊಂಡು ಇಟ್ಕಬ್ಯಾಡಿ" ಎಂದರು. ಇಷ್ಟು ವಿವೇಕದ ಮಾತನ್ನು ನಾವು ಆ ವರ್ಷ ಮತ್ತೊಂದನ್ನು ಕೇಳಲಿಲ್ಲ.

ಗುರುತುಗಳು ಕಾಣಲಿಲ್ಲ. ಎಂಟನೆಯ ವಾರದಲ್ಲಿ ಕೆಂಚನು ತಾನಾಗಿಯೇ ಕೊಟ್ಟಿಗೆಯ ಬಾಗಿಲವರೆಗೆ ಬಂದು ನಿಂತಿತು. ಹತ್ತನೆಯ ವಾರದ ಒಂದು ಸಂಜೆ ತಾಯಿಯವರು ಗೊರಸನ್ನು ಮುಟ್ಟಿ, "ತಣ್ಣಗದೆ" ಎಂದರು. ನಾವು ನಾಡಿ ನೋಡಿದೆವು. ಬೆರಳಿಗೆ ಸುಲಭವಾಗಿ ಸಿಗಲಿಲ್ಲ. ಗೊರಸಿನ ನೆತ್ತಿಯಲ್ಲಿ, ಕೂದಲು ಮುಗಿಯುವ ಕಡೆ, ಬೇನೆಯ ದಿನಗಳು ಒಂದು ಬಳೆಯಂಥ ಗೆರೆಯನ್ನು ಮೂಡಿಸಿದ್ದವು. ಅದು ಹಿಮ್ಮಡಿಯ ಕಡೆ ಅಗಲ, ಮುಂದೆ ಕಿರಿದು. ತಿಂಗಳು ತಿಂಗಳಿಗೂ ಆ ಗೆರೆ ಬೆರಳಿನ ಅಗಲಕ್ಕಿಂತ ಕಡಿಮೆಯಾಗಿ ಕೆಳಗಿಳಿಯಿತು. ಅದರ ಮೇಲೆ ಹೊಸ ಗೊರಸು ನೆಟ್ಟಗೆ ಬೆಳೆಯಿತು. ಲಾಳದ ಹಿರಿಯರು ಐದು ವಾರಕ್ಕೊಮ್ಮೆ ಬಂದು ಮುಂತುದಿಯನ್ನು ಉಜ್ಜಿ ಹೋಗುತ್ತಿದ್ದರು. ನಮ್ಮ ಮನೆಯ ಪಂಚಾಂಗವೇ ಆ ಗೆರೆಯಾಯಿತು.

ಪೂರ್ತಿ ವಾಸಿಯಾಯಿತೆಂದು ನಾವು ಹೇಳಲಾರೆವು. ಒಮ್ಮೆ ಈ ಬೇನೆ ಬಂದ ಪ್ರಾಣಿಗೆ ಅದು ಮರುಕಳಿಸುವ ಭಯ ಜೀವಮಾನವಿಡೀ ಇರುತ್ತದೆ. ಕೆಂಚನು ಇನ್ನು ಗಾಡಿಗೆ ಆಗದು; ಗಟ್ಟಿ ನೆಲದಲ್ಲಿ ಓಡದು. ಮೊಮ್ಮಗನು ಅದರ ಮೇಲೆ ಕೂರುವುದನ್ನು ಬಿಟ್ಟು ಪಕ್ಕದಲ್ಲಿ ನಡೆಯುತ್ತಾನೆ. ಮಳೆ ಬಿದ್ದಾಗ ಎಳೆಹುಲ್ಲಿಗೆ ಬಿಡುವುದಿಲ್ಲ. ಬಿಡುವುದಿದ್ದರೆ ನಸುಕಿನಲ್ಲಿ ಅರ್ಧ ಗಂಟೆ ಮಾತ್ರ. ಏಕೆಂದರೆ ಹುಲ್ಲು ಬಿಸಿಲಿನಲ್ಲಿ ದಿನವೆಲ್ಲ ಸಕ್ಕರೆಯನ್ನು ಕೂಡಿಟ್ಟು ಸಂಜೆಯ ಹೊತ್ತಿಗೆ ಅದು ಅಧಿಕವಾಗಿರುತ್ತದೆ.

ಪ್ರಶ್ನೆ ಕೇಳಿದ ವಾಚಕರಿಗೂ, ತಟ್ಟು ಸಾಕಿರುವ ಇತರರಿಗೂ ನಮ್ಮ ವಿಜ್ಞಾಪನೆ ಇಷ್ಟೇ. ದಿನಕ್ಕೊಮ್ಮೆ ಗೊರಸನ್ನು ಮುಟ್ಟಿರಿ. ವಾರಕ್ಕೊಮ್ಮೆ ಕತ್ತಿನ ಕೊಬ್ಬನ್ನೂ ಪಕ್ಕೆಲುಬುಗಳನ್ನೂ ಕೈಯಾಡಿಸಿ ನೋಡಿರಿ. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸಿಗುವಂತಿರುವುದೇ ಸರಿಯಾದ ಮೈ. ದುಡಿಯದ ಪ್ರಾಣಿಗೆ ದುಡಿಯುವ ಪ್ರಾಣಿಯ ಗ್ರಾಸವನ್ನು ಹಾಕಬೇಡಿರಿ. ಕಾಳಿನ ಮೂಟೆಯನ್ನು ಬೀಗದಲ್ಲಿಡಿರಿ. ಮುಂಗಾಲನ್ನು ಚಾಚಿ ನಿಂತಿತೆಂದರೆ ನಡೆಸದೆ, ಉಪವಾಸ ಕೆಡವದೆ, ಕಾಲಿಗೆ ತಣ್ಪನ್ನು ಕೊಟ್ಟು ಅಂದೇ ವೈದ್ಯರನ್ನು ಕರೆಯಿರಿ, ನಾಳೆಗೆ ಇಡಬೇಡಿರಿ.

ಈ ವರ್ಷ ಶಿವರಾತ್ರಿಯ ಹೊತ್ತಿಗೆ ಆ ಗೆರೆಯು ನೆಲಮುಟ್ಟಿ, ಅರದ ಬಾಯಿಗೆ ಸಿಕ್ಕು ಹೋಯಿತು. ಪಾದಯಾತ್ರಿಕರು ಎಂದಿನಂತೆ ಬಂದರು. ತಾಯಿಯವರು ಕೆಂಚನನ್ನು ಹಿತ್ತಲಿನಲ್ಲಿ ಕಟ್ಟಿಸಿ, ತಾವು ಜಗಲಿಯಲ್ಲಿ ಮಜ್ಜಿಗೆಯ ಗಡಿಗೆಯನ್ನಿಟ್ಟುಕೊಂಡು ಕುಳಿತರು. ಕುದುರೆಯೆಲ್ಲಿ ಎಂದು ಹೋದ ವರ್ಷದ ಗುರುತಿನವರು ಕೇಳಿ ಬಾಳೆಹಣ್ಣನ್ನು ನೀಡಿದರೆ, ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, ಅವರ ಹಿಂದೆಯೇ ನಿಂತ ಮಕ್ಕಳಿಗೆ ಹಂಚಿಬಿಡುತ್ತಿದ್ದರು. ಮಾದಪ್ಪನ ಭಕ್ತರು ಕೊಟ್ಟದ್ದನ್ನು ಬೇಡವೆಂದಂತೆಯೂ ಆಗಲಿಲ್ಲ. ಕೆಂಚನ ಕಾಲೂ ಉಳಿಯಿತು.